ಯುಟಿಸಿ, ಐಎಸ್‌ಟಿ ಮತ್ತು ನಡುವಿನ ಐದೂವರೆ ಗಂಟೆ

ಯಾವುದಾದರೂ ಆ್ಯಪ್‌ನಲ್ಲಿ "1 ಜನವರಿ 1970, ಬೆಳಿಗ್ಗೆ 5:30" ಅಂತ ತಾರೀಖು ಬಂದಿದ್ದು ನೋಡಿದ್ದೀರಾ? ಅದು ಸುಮ್ನೆ ಬಂದಿದ್ದಲ್ಲ. ಯುನಿಕ್ಸ್ ಅನ್ನೋ ಹಳೆಯ ಕಂಪ್ಯೂಟರ್ ವ್ಯವಸ್ಥೆಯ ಪದ್ಧತಿಯಲ್ಲಿ ಸಮಯ ಅಂದರೆ ಒಂದೇ ಒಂದು ಸಂಖ್ಯೆ: 1970ರ ಜನವರಿ 1, ಯುಟಿಸಿ (ಇಡೀ ಜಗತ್ತು ಆಧಾರವಾಗಿ ಇಟ್ಟುಕೊಂಡಿರುವ ಸಮಯ, ಭಾರತ ಇದಕ್ಕಿಂತ ಐದೂವರೆ ಗಂಟೆ ಮುಂದೆ) ಲೆಕ್ಕದ 0 ಗಂಟೆಯಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡ್ ಆಯಿತು ಅನ್ನೋದು. ಆ ಜಾಗದಲ್ಲಿ ಸರಿಯಾದ ಸಮಯ ತುಂಬದೆ 0 ಉಳಿದರೆ, ಫೋನ್ ಆ ಸೊನ್ನೆಗೇ ನಮ್ಮ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ನಮ್ಮಲ್ಲಿ ಸಮಯದ ಬಗ್‌ಗಳು ಜಾಸ್ತಿ ಈ 5:30ರ ಗುರುತು ಬಿಟ್ಟೇ ಹೋಗುತ್ತವೆ. ಅದನ್ನು ಓದೋದು ಕಲಿತರೆ ಡೀಬಗ್ ಮಾಡೋದು ತುಂಬಾ ಸುಲಭ.

ಮೊದಲು ಈ 5:30 ಎಲ್ಲಿಂದ ಬಂತು ನೋಡೋಣ. ಯುಟಿಸಿ ಅನ್ನೋದು ಜಗತ್ತಿನ ಹಲವು ಪ್ರಯೋಗಾಲಯಗಳ ಪರಮಾಣು ಗಡಿಯಾರಗಳ ಮೇಲೆ ನಿಂತಿರುವ ಸಮಯ, ಅದು ಹೊಂದಿಕೊಳ್ಳೋದು 0 ಡಿಗ್ರಿ ರೇಖಾಂಶಕ್ಕೆ. ಭಾರತದ ಸಮಯಕ್ಕೆ (ಐಎಸ್‌ಟಿ) ಆಧಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, 82.5ನ್ನು 15ರಿಂದ ಭಾಗಿಸಿದರೆ ಐದೂವರೆ. ಇದು ಜಾರಿಗೆ ಬಂದಿದ್ದು 1906ರಲ್ಲಿ. ಅದಕ್ಕೂ ಮುಂಚೆ ಮದ್ರಾಸ್ ಸಮಯ, ಬಾಂಬೆ ಸಮಯ, ಕಲ್ಕತ್ತಾ ಸಮಯ ಅಂತ ಬೇರೆ ಬೇರೆ ಇದ್ದವು.

ಹಾಗಾದರೆ ಕೋಡ್‌ನಲ್ಲಿ "ಯುಟಿಸಿಗೆ 5:30 ಕೂಡಿಸು" ಅಂತ ಬರೆದುಬಿಟ್ಟರೆ ಸಾಕಲ್ವಾ? ಸಾಲದು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು, ಆಗ ವ್ಯತ್ಯಾಸ 6:30. ಬಹಳಷ್ಟು ಕಂಪ್ಯೂಟರ್‌ಗಳು ನೋಡುವ ಟೈಮ್‌ಝೋನ್ ಡೇಟಾಬೇಸ್‌ನಲ್ಲಿ "ಏಷ್ಯಾ/ಕೋಲ್ಕತಾ" ಅನ್ನುವ ಹೆಸರಿನ ಕೆಳಗೆ ಈ ಇತಿಹಾಸ ಹಾಗೇ ಇದೆ. ಈಗ 1944ರಲ್ಲಿ ಹುಟ್ಟಿದ ಅಜ್ಜಿಯೊಬ್ಬರ ಜನ್ಮದಿನವನ್ನು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಯುಟಿಸಿಗೆ ಬದಲಿಸಿದರೆ, ಅವತ್ತಿನ ಮಧ್ಯರಾತ್ರಿ ಹಿಂದಿನ ದಿನದ 17:30 ಆಗುತ್ತದೆ. ಅದಕ್ಕೆ ನಿಮ್ಮ ಕೋಡು 5:30 ಮಾತ್ರ ಕೂಡಿಸಿದರೆ ಸಿಗೋದು ಹಿಂದಿನ ದಿನದ ರಾತ್ರಿ 11 ಗಂಟೆ. ತಾರೀಖೇ ತಪ್ಪಿತು. ಅಂತರವನ್ನು ಕೈಯಿಂದ ಬರೆಯಬೇಡಿ, ವಲಯದ ಹೆಸರು ಕೊಟ್ಟು ಲೈಬ್ರರಿಗೇ ಲೆಕ್ಕ ಬಿಡಿ.

ಹೊಸಬರನ್ನು ಜಾಸ್ತಿ ಕಾಡೋದು ಇನ್ನೊಂದಿದೆ, ಇದನ್ನು ನಿಧಾನವಾಗಿ ನೋಡಿ. ಫಾರ್ಮ್‌ನಲ್ಲಿ ಯಾರೋ 2025ರ ಜೂನ್ 15 ಅಂತ ಆರಿಸಿದರು. ದಿನ ಆರಿಸುವ ಪೆಟ್ಟಿಗೆ ಸಾಮಾನ್ಯವಾಗಿ ಅದನ್ನು ಜಾವಾಸ್ಕ್ರಿಪ್ಟ್‌ಗೆ "ಜೂನ್ 15, ನಮ್ಮ ಸಮಯದ 0 ಗಂಟೆ" ಅಂತ ಕೊಡುತ್ತದೆ. ಸರ್ವರ್‌ಗೆ ಕಳಿಸುವ ಮುಂಚೆ ಅದು ಯುಟಿಸಿ ಆಗುತ್ತದೆ: 2025-06-14, 18:30. ಆಮೇಲೆ ನಾವು ತಾರೀಖು ಮಾತ್ರ ಸಾಕು ಅಂತ ಮೊದಲ ಹತ್ತು ಅಕ್ಷರ ಕತ್ತರಿಸಿ ಇಟ್ಟುಕೊಳ್ಳುತ್ತೇವೆ, ಡೇಟಾಬೇಸ್‌ನಲ್ಲಿ ಜೂನ್ 14 ಕೂತುಕೊಳ್ಳುತ್ತದೆ. ಯಾವ ಎರರ್ ಕೂಡ ಬರೋದಿಲ್ಲ, ಅದೇ ಕಷ್ಟ. 18:30 ಅಂತ ಎಲ್ಲಿ ಕಂಡರೂ ಇದು ನಮ್ಮ ಮಧ್ಯರಾತ್ರಿ ಅಂತ ತಕ್ಷಣ ಹೊಳೆಯಬೇಕು. ಜನ್ಮದಿನ ಅನ್ನೋದು ಒಂದು ಕ್ಷಣವೇ ಅಲ್ಲ, ಅದೊಂದು ಕ್ಯಾಲೆಂಡರ್ ದಿನ. ಅದಕ್ಕೆ ಗಂಟೆಯೂ ಇಲ್ಲ, ವಲಯವೂ ಇಲ್ಲ. ದಿನಾಂಕದ ಕಾಲಮ್‌ನಲ್ಲಿ ದಿನಾಂಕವಾಗಿಯೇ ಇಡಿ, ಯುಟಿಸಿ ಕಡೆ ತಿರುಗಿಸಲೇಬೇಡಿ.

ಸರ್ವರ್ ಕಡೆಯೂ ಇದೇ ಗುರುತು ಸಿಗುತ್ತದೆ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲೇ ಓಡುತ್ತವೆ, ಹಾಗಾಗಿ ರಾತ್ರಿ 12ಕ್ಕೆ ಅಂತ ಇಟ್ಟ ಕ್ರಾನ್ ಕೆಲಸ (ನಿಗದಿತ ಸಮಯಕ್ಕೆ ತಾನಾಗೇ ಓಡುವ ಕೆಲಸ) ನಮ್ಮ ಬೆಳಿಗ್ಗೆ 5:30ಕ್ಕೆ ಶುರುವಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ತಿಂಗಳ ಲೆಕ್ಕದ್ದು: ಜುಲೈ 1ರ ಬೆಳಗಿನ ಜಾವ 3 ಗಂಟೆಗೆ ಬಂದ ಆರ್ಡರ್ ಯುಟಿಸಿಯಲ್ಲಿ ಜೂನ್ 30ರ 21:30, ದಿನಕ್ಕೆ ತಕ್ಕಂತೆ ಗುಂಪು ಮಾಡುವ ಕ್ವೆರಿ ಅದನ್ನು ಜೂನ್‌ಗೆ ಸೇರಿಸುತ್ತದೆ. ಮೊದಲು ಭಾರತದ ಸಮಯಕ್ಕೆ ಬದಲಿಸಿ, ಆಮೇಲೆ ಗುಂಪು ಮಾಡಿ.

ಲಿನಕ್ಸ್, ವಿಂಡೋಸ್ ಎರಡನ್ನೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡವರಿಗೆ ವಿಂಡೋಸ್ ಐದೂವರೆ ಗಂಟೆ ಹಿಂದೆ ತೋರಿಸುವುದೂ ಇದೇ ಕಾರಣಕ್ಕೆ. ಮದರ್‌ಬೋರ್ಡ್ ಗಡಿಯಾರದಲ್ಲಿ ಇರೋದು ಯುಟಿಸಿ ಅಂತ ಲಿನಕ್ಸ್ ನಂಬುತ್ತದೆ, ಸ್ಥಳೀಯ ಸಮಯ ಅಂತ ವಿಂಡೋಸ್ ನಂಬುತ್ತದೆ. ಇಬ್ಬರಲ್ಲಿ ಒಬ್ಬರ ಸೆಟ್ಟಿಂಗ್ ಬದಲಿಸಿದರೆ ಮುಗೀತು.

ಭಾರತದಲ್ಲಿ ಒಂದೇ ವಲಯ, ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿಯೂ ಈಗಿಲ್ಲ. ಅದಕ್ಕೇ ವ್ಯತ್ಯಾಸ ಯಾವಾಗಲೂ ಒಂದೇ ಇರುತ್ತದೆ ಅಂತ ನಮಗೆ ಅನಿಸಿಬಿಡುತ್ತದೆ. ಕ್ಯಾಲಿಫೋರ್ನಿಯಾದ ತಂಡದ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೆ ಹಾಗಲ್ಲ ಅಂತ ಗೊತ್ತು: ಅವರ ಬೆಳಿಗ್ಗೆ 9ರ ಮೀಟಿಂಗ್ ಜುಲೈನಲ್ಲಿ ನಮಗೆ ರಾತ್ರಿ 9:30, ಡಿಸೆಂಬರ್‌ನಲ್ಲಿ 10:30. ಜುಲೈನ ಒಂದು ವಾರದ ಮೀಟಿಂಗನ್ನು ಯುಟಿಸಿಗೆ ಬದಲಿಸಿ, ಅದೇ ಯುಟಿಸಿ ಸಮಯವನ್ನು ವಾರವಾರ ಮುಂದಕ್ಕೆ ಹಾಕುತ್ತಾ ಹೋದರೆ, ನವೆಂಬರ್‌ನ ಮೊದಲ ಭಾನುವಾರ ದಾಟಿದ ಮೇಲೆ ಅದು ಅಲ್ಲಿನವರಿಗೆ ಬೆಳಿಗ್ಗೆ 8 ಆಗುತ್ತದೆ. ಆಗಿಹೋದದ್ದನ್ನು, ಅಂದರೆ ಲಾಗ್, ಪಾವತಿ, ಮೆಸೇಜ್ ಇಂಥವನ್ನು, ಯುಟಿಸಿಯಲ್ಲಿ ಬರೆದಿಡಿ. ಮುಂದೆ ಆಗಬೇಕಾದ ಮೀಟಿಂಗ್‌ಗೆ "9:00, ಅಮೆರಿಕ/ಲಾಸ್ ಏಂಜಲೀಸ್" ಅಂತ ಅಲ್ಲಿನ ಗಂಟೆ ಮತ್ತು ವಲಯದ ಹೆಸರು ಎರಡನ್ನೂ ಇಟ್ಟು, ಯುಟಿಸಿ ಲೆಕ್ಕವನ್ನು ಆ ದಿನ ಹತ್ತಿರ ಬಂದಾಗ ಮಾಡಿ. ಅಷ್ಟರೊಳಗೆ ಅಲ್ಲಿನ ಸರ್ಕಾರ ನಿಯಮವನ್ನೇ ಬದಲಿಸಿದರೂ, ನಿಮ್ಮ ಸಿಸ್ಟಂನ ಟೈಮ್‌ಝೋನ್ ಡೇಟಾಬೇಸ್ ಅಪ್‌ಡೇಟ್ ಆಗಿದ್ದರೆ ಸಾಕು, ಉತ್ತರ ಸರಿ ಬರುತ್ತದೆ.