ಉಪ್ಪೊಂದಕ್ಕೇ ಸಂತೆಗೆ ಹೋಗುವವರಿಲ್ಲ

ಕಕ್ಕಡ ತಿಂಗಳ ಮಳೆ ಹಿಡಿಯುವ ಮೊದಲೇ ಕೊಡಗಿನ ಮನೆಗಳಲ್ಲಿ ಸೌದೆ ಒಳಗೆ ಬಂದಿರುತ್ತದೆ. ಅಕ್ಕಿ, ಒಣಮೀನು, ಹುಳಿಗೆ ಕಾಚಂಪುಳಿ ಎಲ್ಲ ಜೋಡಿಸಿ ಆಗಿರುತ್ತದೆ. ಹೊಳೆ ತುಂಬಿ ದಾರಿ ಕಟ್ಟಿದರೂ ಒಲೆ ಆರಬಾರದು, ಅಲ್ವಾ? ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಚಿಪ್, ಅಂದರೆ ಪ್ರೊಸೆಸರ್, ರೂಪಿಸುವವರ ತಲೆನೋವೂ ಇದೇ.

ಲ್ಯಾಪ್‌ಟಾಪ್ ನಿಧಾನವಾದರೆ ನಾವು ಪ್ರೊಸೆಸರನ್ನು ಬೈಯುತ್ತೇವೆ. ಪಾಪ, ಎಷ್ಟೋ ಸಲ ಅದು ಸುಮ್ನೆ ಕಾಯುತ್ತಾ ಕೂತಿರುತ್ತದೆ. 4 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 400 ಕೋಟಿ ಸಲ ಮಿಡಿಯುತ್ತದೆ. ಅದಕ್ಕೆ ಬೇಕಾದ ಅಂಕಿಗಳು ಇರುವುದು ರ್‍ಯಾಮ್ ಎಂಬ ದೊಡ್ಡ ಮೆಮೊರಿಯಲ್ಲಿ. ರ್‍ಯಾಮ್‌ನಿಂದ ಒಂದು ಅಂಕಿ ಬರಲು ಸುಮಾರು 80 ನ್ಯಾನೊಸೆಕೆಂಡ್ ಬೇಕು. ಅಷ್ಟರಲ್ಲಿ 320 ಮಿಡಿತ ಕಳೆದಿರುತ್ತದೆ. ಒಂದು ಮಿಡಿತ ಒಂದು ಸೆಕೆಂಡ್ ಅಂದುಕೊಳ್ಳಿ: ಚಿಟಿಕೆ ಉಪ್ಪಿಗೆ ಐದು ನಿಮಿಷ ಸೌಟು ಹಿಡಿದು ನಿಂತ ಹಾಗಾಯಿತು.

ದೊಡ್ಡ ನಿಧಾನದ ಮೆಮೊರಿಯ ಜೊತೆಗೆ ಸಣ್ಣದೊಂದು ಚುರುಕು ಮೆಮೊರಿ ಇಡೋಣ ಎಂದು 1965ರಲ್ಲೇ ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್ ಬರೆದಿದ್ದರು. ಈಗ ಅದನ್ನು ಕ್ಯಾಶ್ ಅನ್ನುತ್ತೇವೆ. ಒಲೆ ಪಕ್ಕದ ಉಪ್ಪಿನ ಭರಣಿ ಅದು. ಪ್ರೊಸೆಸರಿಗೆ ತೀರಾ ಹತ್ತಿರದ ಕ್ಯಾಶ್‌ನಿಂದ ನಾಲ್ಕೈದು ಮಿಡಿತದಲ್ಲೇ ಅಂಕಿ ಸಿಗುತ್ತದೆ.

ನನಗೆ ಇಷ್ಟವಾಗುವುದು ಅದನ್ನು ತುಂಬುವ ಜಾಣತನ. ಉಪ್ಪೊಂದಕ್ಕೇ ಸಂತೆಗೆ ಹೋಗಿ ಬರುವವರು ಯಾರಿದ್ದಾರೆ? ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಒಂದು ಬೈಟ್ ಬೇಕಾದರೂ ಅಕ್ಕಪಕ್ಕದ್ದು ಸೇರಿಸಿ 64 ಬೈಟ್ ತರುತ್ತವೆ. 8 ಬೈಟಿನ ಅಂಕಿಗಳಾದರೆ ಒಂದೇ ಓಡಾಟಕ್ಕೆ ಎಂಟು. ಹಾಗಾಗಿ ಸಾಲುಸಾಲಾಗಿ ಇಟ್ಟ ದೊಡ್ಡ ಪಟ್ಟಿಯನ್ನು ಸಾಲು ಹಿಡಿದೇ ಕೂಡಿದರೆ ಲಾಭ. ಮೇಲಿನಿಂದ ಕೆಳಗೆ ಕೂಡಿದರೆ? ಮೊತ್ತ ಅದೇ, ಹೊತ್ತು ಮಾತ್ರ ಜಾಸ್ತಿ. ಕಾಫಿ ಕೊಯ್ಲಿನಲ್ಲಿ ಸಾಲಿಗೊಂದೇ ಗಿಡ ಕೊಯ್ದು ಮುಂದಿನ ಸಾಲಿಗೆ ಓಡಿದ ಹಾಗೆ.

ಮುಂದೆ ಏನು ಬೇಕಾದೀತು ಎಂದು ಊಹಿಸಿ ಮೊದಲೇ ತಂದಿಡುವುದೂ ಉಂಟು. ಊಹೆ ತಪ್ಪಿದರೆ ಹೊತ್ತು ತಂದದ್ದು ದಂಡ.

ಭರಣಿ ದೊಡ್ಡದು ಮಾಡೋಣವೆಂದರೆ ಚಿಪ್‌ನಲ್ಲಿ ಜಾಗ ದುಬಾರಿ. 2022ರಲ್ಲಿ ಎಎಂಡಿ ತನ್ನ ಒಂದು ಪ್ರೊಸೆಸರ್‌ನಲ್ಲಿ ಮಹಡಿಯನ್ನೇ ಕಟ್ಟಿತು. 64 ಮೆಗಾಬೈಟ್ ಕ್ಯಾಶನ್ನು ಚಿಪ್ ಮೇಲೆ ಕೂರಿಸಿತು. ಗೇಮ್ ಆಡುವವರಿಗೆ ಹಬ್ಬ.

ಇನ್ನು ಕೆಲವರದು ಉಲ್ಟಾ ಯೋಚನೆ. ಕಾಫಿ ಹಣ್ಣು ಹೊತ್ತು ತರುವುದ್ಯಾಕೆ, ಸಿಪ್ಪೆ ಸುಲಿಯುವ ಪಲ್ಪರನ್ನೇ ತೋಟದೊಳಗೆ ಇಟ್ಟರಾಯಿತು! 2021ರಲ್ಲಿ ಸ್ಯಾಮ್‌ಸಂಗ್ ಮೆಮೊರಿ ಚಿಪ್‌ನೊಳಗೇ ಲೆಕ್ಕ ಮಾಡುವ ಭಾಗ ಕೂರಿಸಿ ತೋರಿಸಿತು. ಆದರೆ ರ್‍ಯಾಮ್ ಅಂಕಿ ಹಿಡಿದಿಡುವುದು ಸೋರುವ ಮಡಕೆಯಂಥ ಪುಟ್ಟ ಕೋಶಗಳಲ್ಲಿ. ಲೆಕ್ಕ ಮಾಡಿದರೆ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ. ಅಲ್ಲಿಗೆ ಸದ್ಯ ಹೆಚ್ಚಾಗಿ ಕೂಡುವುದು, ಗುಣಿಸುವುದು ಇಂಥ ಚಿಲ್ಲರೆ ಕೆಲಸ ಕೊಡುವುದಕ್ಕೆ ಅದೂ ಒಂದು ಕಾರಣ. ಉಳಿದ ಹಣ್ಣೆಲ್ಲ ಇನ್ನೂ ಹೊತ್ತೇ ತರಬೇಕು.