ಸುತ್ತೋಲೆಯ ತಾಯಿ ಯಾರು?

ಕಕ್ಷಿದಾರರು ನನ್ನ ಮೇಜಿನ ಮೇಲಿಡುವ ನೋಟಿಸುಗಳಲ್ಲಿ ಬಹುಪಾಲು ಒಂದೇ ತರಹದವು: ಇಂಥ ಸುತ್ತೋಲೆಯ ಪ್ರಕಾರ ಇಷ್ಟು ಶುಲ್ಕ ಕಟ್ಟತಕ್ಕದ್ದು. ನಾನು ಮೊತ್ತ ಕೇಳುವುದಿಲ್ಲ. ಸುತ್ತೋಲೆಯ ಹಿಂದೆ ಯಾವ ನಿಯಮ, ನಿಯಮದ ಹಿಂದೆ ಕಾಯ್ದೆಯ ಯಾವ ಸೆಕ್ಷನ್ ಎಂದು ಕೇಳುತ್ತೇನೆ. "ಸೀಲ್ ಇದೆಯಲ್ಲ ಸಾರ್" ಎನ್ನುತ್ತಾರೆ. ಸೀಲು ಇದ್ದೇ ಇರುತ್ತದೆ. ಅದನ್ನು ಒತ್ತುವ ಅಧಿಕಾರ ಎಲ್ಲಿಂದ ಬಂತು ಎನ್ನುವುದು ಬೇರೆ ಮಾತು.

ಅದು ಬರುವುದು ಮೂಲ ಕಾಯ್ದೆಯಿಂದ, ಅಂದರೆ ಸಂಸ್ಥೆಗೆ ಅಧಿಕಾರ ಕೊಟ್ಟ ಕಾಯ್ದೆಯಿಂದ; ಕೋರ್ಟಿನಲ್ಲಿ ನಾವು ಪೇರೆಂಟ್ ಆ್ಯಕ್ಟ್ ಎನ್ನುವುದು ಇದನ್ನೇ. ಕಾನೂನು ಬೇಡವೆಂದದ್ದನ್ನು ಬಿಟ್ಟು ಉಳಿದದ್ದೆಲ್ಲ ನಮಗೆ ನಿಮಗೆ ಮುಕ್ತ. ಕಾಯ್ದೆಯಿಂದ ಹುಟ್ಟಿದ ಸಂಸ್ಥೆಗೆ ಲೆಕ್ಕ ತಿರುಗುಮುರುಗು: ಕಾಯ್ದೆ ಕೊಟ್ಟಷ್ಟು, ಕೊಟ್ಟ ಕೆಲಸ ನಡೆಸಲು ಸಹಜವಾಗಿ ಬೇಕಾದಷ್ಟು, ಅದರಾಚೆ ಏನೂ ಇಲ್ಲ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವನ್ನೇ (ಬಿಡಿಎ) ನೋಡಿ. 1976ರ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಅದರ ಹುಟ್ಟು, 14ರಲ್ಲಿ ಉದ್ದೇಶ. 65ನೇ ಸೆಕ್ಷನ್ ಪ್ರಕಾರ ಸರ್ಕಾರ ಬಿಡಿಎಗೆ ನಿರ್ದೇಶನ ಕೊಡಬಹುದು, ಬಿಡಿಎ ಪಾಲಿಸಲೇಬೇಕು. ಇಷ್ಟೇ ಓದಿದರೆ ಸರ್ಕಾರ ಹೇಳಿದ್ದೇ ವೇದವಾಕ್ಯ ಅನಿಸುತ್ತದೆ. ಆದರೆ ಅದೇ ಸೆಕ್ಷನ್ನಿನಲ್ಲಿ 'ಈ ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು' ಎಂಬ ಮಾತೂ ಇದೆ.

ಆ ಮಾತಿನ ತೂಕ ತಿಳಿದದ್ದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ. ಸ್ಯಾಂಕಿ ಕೆರೆಯ ಹತ್ತಿರ, ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗ. ಅದನ್ನು ಗುರುತಿಸಿದ್ದು ಬಿಡಿಎ ಹುಟ್ಟುವ ಮೊದಲು, 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆಯಡಿಯ ಯೋಜನೆಯಲ್ಲಿ. 1976ರಲ್ಲಿ ಸರ್ಕಾರದ ಆದೇಶದಂತೆ ಬಿಡಿಎ ಆ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಈ ಟ್ರಸ್ಟಿಗೆ ಕೊಟ್ಟಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನೋಪಯೋಗಿಯೇ ತಾನೆ ಎಂಬ ವಾದ ಬಂತು. ಕೇಳುವುದಕ್ಕೆ ಚೆನ್ನಾಗಿಯೇ ಇದೆ. 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಉದ್ಯಾನವನ್ನು ಉಳಿಸುವುದು ಕಾಯ್ದೆಯ ಉದ್ದೇಶ, ಅದನ್ನು ಕೆಡಿಸುವ ನಿರ್ದೇಶನ 65ನೇ ಸೆಕ್ಷನ್ನಿನೊಳಗೆ ಬರುವುದೇ ಇಲ್ಲ ಎಂದಿತು. ಜಾಗ ಕೊಡಬೇಕೆಂಬ ಮುಖ್ಯಮಂತ್ರಿಯ ಅಪೇಕ್ಷೆಯೂ ಅಧಿಕಾರದ ಆ ಕೊರತೆಯನ್ನು ತುಂಬಲಾರದು.

ಹಣದ ವಿಷಯದಲ್ಲಂತೂ ಕೋರ್ಟುಗಳು ಇನ್ನೂ ಬಿಗಿ. ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರ ತಾನೇ ಮಾಡಿಕೊಂಡ ವಿನಿಯಮಗಳ (ರೆಗ್ಯುಲೇಷನ್) ಮೂಲಕ ಅಭಿವೃದ್ಧಿ ಶುಲ್ಕ ಹಾಕಿತ್ತು. ಮೂಲ ಕಾಯ್ದೆಯಲ್ಲಿ ಸ್ಪಷ್ಟವಾಗಿ ಕೊಡದ ಶುಲ್ಕದ ಅಧಿಕಾರವನ್ನು ಊಹಿಸಿಕೊಳ್ಳುವಂತಿಲ್ಲ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಿಮ್ಮ ಕೈಯಲ್ಲಿರುವ ಡಿಮ್ಯಾಂಡ್ ನೋಟಿಸಿಗೂ ಇದೇ ಒರೆಗಲ್ಲು.

ಹಾಗಾಗಿ ಅಧಿಸೂಚನೆ ಬಂದರೆ ಮೊದಲ ಸಾಲು ಓದಿ: 'ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ' ಎನ್ನುವಲ್ಲಿ ಯಾವ ಸೆಕ್ಷನ್ ಹೆಸರಿಸಿದ್ದಾರೆ ನೋಡಿ, ಆಮೇಲೆ ಆ ಸೆಕ್ಷನ್ ತೆಗೆದು ಓದಿ. ಒಂದು ಎಚ್ಚರಿಕೆ, ನಮ್ಮ ಕಿರಿಯ ವಕೀಲರಿಗೂ ಸೇರಿಸಿ. ಸೆಕ್ಷನ್ ಸಂಖ್ಯೆ ತಪ್ಪಿದೆ ಎಂದಷ್ಟಕ್ಕೇ ಗೆದ್ದೆವೆಂದು ಕುಣಿಯಬೇಡಿ. ಅದೇ ಕಾಯ್ದೆಯ ಇನ್ನೊಂದು ಮೂಲೆಯಲ್ಲಿ ಆ ಅಧಿಕಾರ ಸಿಕ್ಕಿದರೆ, ಬರೆಯುವಾಗಿನ ತಪ್ಪಿಗೆ ಕೋರ್ಟು ಆದೇಶವನ್ನು ಕೆಡವುವುದಿಲ್ಲ. ಕಾಯ್ದೆಯನ್ನು ಪೂರ್ತಿ ಓದಿಯೇ ಅರ್ಜಿ ಬರೆಯಿರಿ.