ತೋಡಿನ ನೀರು ತಿಳಿಯಾಗಿದೆ, ಒಂದು ಬಾಟಲಿ ಪರೀಕ್ಷೆ ಸಾಕೇ?

ಪ್ರಶ್ನೆ: ನಮ್ಮ ಕಾಫಿ ತೋಟದ ಕೆಳಗಿನ ತೋಡು ಮುಂದೆ ಹೋಗಿ ಹಾರಂಗಿ ಜಲಾಶಯ ಸೇರುತ್ತದೆ. ನೀರು ಕನ್ನಡಿ ಹಾಗಿದೆ. ಗೊಬ್ಬರದ ಅಂಶ ಇದೆಯಾ ಅಂತ ನೋಡಲು ಜನವರಿಯಲ್ಲಿ ಒಂದು ಬಾಟಲಿ ನೀರು ಹಿಡಿದು ಲ್ಯಾಬಿಗೆ ಕೊಟ್ಟರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಜನವರಿಯ ಬಾಟಲಿ ಜನವರಿಯ ಕಥೆ ಮಾತ್ರ ಹೇಳುತ್ತದೆ. ಗೊಬ್ಬರದ ಹೆಚ್ಚಿನ ಪಾಲು ತೋಡಿಗೆ ಇಳಿಯುವುದು ಮಳೆಯ ಜೊತೆ.

ಚೀಲದ ಮೇಲೆ ಬರೆದಿರುವ ಸಾರಜನಕ ಮತ್ತು ರಂಜಕ ಒಂದೇ ದಾರಿಯಲ್ಲಿ ಬರುವುದಿಲ್ಲ. ಸಾರಜನಕ ನೈಟ್ರೇಟ್ ಆಗಿ ನೀರಿನಲ್ಲಿ ಕರಗುತ್ತದೆ, ಮಣ್ಣಿನೊಳಗೆ ಇಳಿದು ಒರತೆಯ ಮೂಲಕ ನಿಧಾನವಾಗಿ ತೋಡಿಗೆ ಬರುತ್ತದೆ. ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕನ್ನಡಿಯಂಥ ನೀರಲ್ಲೂ ಇರಬಹುದು. ರಂಜಕ ಹಾಗಲ್ಲ, ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. ಜೋರು ಮಳೆಗೆ ಮಣ್ಣು ಕೊಚ್ಚಿಕೊಂಡು ಬಂದಾಗ ಅದೂ ಬರುತ್ತದೆ. ಜಲಾಶಯದ ತಳದಲ್ಲಿ ಹೂಳಿನ ಜೊತೆ ಕೂತ ರಂಜಕ ಸುಮ್ನೆ ಇರುವುದಿಲ್ಲ. ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗ ಮತ್ತೆ ಕರಗಿ ಮೇಲೆ ಬರುತ್ತದೆ, ಪಾಚಿಗೆ ಊಟವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಾದಾಪುರ, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿದ್ದನ್ನು ನೋಡಿದ ನಮಗೆ ಮಣ್ಣು ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಮಳೆ ಇಲ್ಲದ ದಿನ ತೋಡಿನಲ್ಲಿ ಸೆಕೆಂಡಿಗೆ 200 ಲೀಟರ್ ಹರಿಯುತ್ತಿದೆ, ಲೀಟರಿಗೆ 0.05 ಮಿಲಿಗ್ರಾಂ ರಂಜಕ ಇದೆ ಅಂದುಕೊಳ್ಳಿ. ದಿನಕ್ಕೆ 864 ಗ್ರಾಂ ಆಯಿತು. ಜೋರು ಮಳೆಯಲ್ಲಿ ಹರಿವು 3,000 ಲೀಟರಿಗೆ, ರಂಜಕ 0.3 ಮಿಲಿಗ್ರಾಂಗೆ ಏರಿದರೆ ಒಂದೇ ಗಂಟೆಯಲ್ಲಿ 3 ಕೆಜಿಗೂ ಜಾಸ್ತಿ. ಹೆಚ್ಚುಕಡಿಮೆ ನಾಲ್ಕು ದಿನದ್ದು ಒಂದು ಗಂಟೆಯಲ್ಲಿ ಹೋಯಿತು! ಅದಕ್ಕೇ ನೀರಿನ ಜೊತೆ ಹರಿವನ್ನೂ ಅಳೆಯಬೇಕು ಅಂತ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಶಾಂತ ದಿನದಲ್ಲಿ ಒಂದು ಕಿತ್ತಳೆ ಹಣ್ಣು ತೇಲಿಬಿಟ್ಟು, 10 ಮೀಟರ್ ದಾಟಲು ಎಷ್ಟು ಸೆಕೆಂಡ್ ಬೇಕು ನೋಡಿ. 10ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ, ಅದನ್ನು ತೋಡಿನ ಅಗಲ, ಸರಾಸರಿ ಆಳದಿಂದ ಗುಣಿಸಿ. ಮೇಲ್ಭಾಗದ ನೀರು ಬೇಗ ಓಡುವುದರಿಂದ ಬಂದದ್ದನ್ನು 0.85ರಿಂದ ಗುಣಿಸಬೇಕು. ಮಳೆಯ ದಿನ ಮಾತ್ರ ತೋಡಿಗೆ ಇಳಿಯಲೇಬೇಡಿ. ಸೇತುವೆ ಮೇಲಿಂದ ಬಕೆಟ್‌ಗೆ ಹಗ್ಗ ಕಟ್ಟಿ ನೀರು ಎತ್ತಿ, ಕಂಬದ ಮೇಲೆ ಗುರುತು ಹಾಕಿಟ್ಟು ನೀರಿನ ಮಟ್ಟ ಬರೆದುಕೊಳ್ಳಿ.

ಬಾಟಲಿಯನ್ನು ಸೋಪು ಹಾಕಿ ತೊಳೆಯಬೇಡಿ. ಕೆಲವು ಸೋಪಿನ ಪುಡಿಯಲ್ಲೇ ಫಾಸ್ಫೇಟ್ ಇರುತ್ತದೆ. ಲ್ಯಾಬಿನವರೇ ಬಾಟಲಿ ಕೊಟ್ಟರೆ ಒಳ್ಳೇದು. ಇಲ್ಲದಿದ್ದರೆ ಹೊಸ ಬಾಟಲಿಯನ್ನು ಅದೇ ತೋಡಿನ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ. ನೀರು ಬರುವ ಕಡೆಗೆ ಮುಖ ಮಾಡಿ ನಿಂತು, ಕಾಲಿನ ಕೆಸರು ಎದ್ದು ಸೇರದ ಹಾಗೆ ತುಂಬಿ. ತಕ್ಷಣ ಐಸ್ ಡಬ್ಬಿಗೆ ಹಾಕಿ, ಆದಷ್ಟು ಬೇಗ ತಲುಪಿಸಿ.

ವರದಿ ಓದುವಾಗ ಬಹಳ ಜನ ಎಡವುವ ಜಾಗ ಒಂದಿದೆ. ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನೇ ಸಾರಜನಕದ ಲೆಕ್ಕದಲ್ಲಿ ಬರೆದರೆ ಸುಮಾರು 10 ಆಗುತ್ತದೆ. ಯಾವ ಲೆಕ್ಕ ಅಂತ ಕೇಳಿಯೇ ಹೋಲಿಸಿ. ಇನ್ನು, ಕುಡಿಯಲು ಸರಿ ಇರುವ ನೀರು ಜಲಾಶಯಕ್ಕೂ ಸರಿ ಅಂದುಕೊಳ್ಳಬೇಡಿ. ಪಾಚಿಗೆ ಲೀಟರಿಗೆ 0.03 ಮಿಲಿಗ್ರಾಂ ರಂಜಕವೇ ಬೇಕಾದಷ್ಟು.

ನಿಮ್ಮ ಜನವರಿ ಬಾಟಲಿಯನ್ನೂ ಬಿಡಬೇಡಿ. ಅದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ, ಪಲ್ಪರ್, ಓಡುವ ಕಾಲ. ಆದರೆ ಆಗ ಕೇಳಬೇಕಾದದ್ದು ಬೇರೆ ಪರೀಕ್ಷೆ. ಪಲ್ಪಿಂಗ್ ನೀರು ತೋಡಿಗೆ ಸೇರಿದರೆ ಆಮ್ಲಜನಕ ಕುಸಿಯುತ್ತದೆ, ಅದನ್ನು ನೋಡಿಸಿ.

ಎರಡು ಜಾಗ ಆರಿಸಿಕೊಳ್ಳಿ, ತೋಟಕ್ಕಿಂತ ಮೇಲೆ ಒಂದು, ಕೆಳಗೆ ಒಂದು. ಯಾವಾಗಲೂ ಅದೇ ಎರಡು ಜಾಗ. ವ್ಯತ್ಯಾಸ ನೋಡಿದರೆ ನಿಮ್ಮ ತೋಟದ್ದೆಷ್ಟು, ಮೇಲಿನಿಂದ ಬಂದದ್ದೆಷ್ಟು ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಸಾಕು, ಮಳೆಗಾಲದಲ್ಲಿ ಜಾಸ್ತಿ. ಎಲ್ಲಕ್ಕಿಂತ ಮುಖ್ಯ, ಮುಂಗಾರಿಗೆ ಮುಂಚೆ ಗೊಬ್ಬರ ಹಾಕಿದ ಮೇಲೆ ಬೀಳುವ ಮೊದಲ ಜೋರು ಮಳೆ. ಅದು ಹೇಳಿ ಬರುವುದಿಲ್ಲ, ಬಾಟಲಿ, ಹಗ್ಗ, ಬಕೆಟ್ ಏಪ್ರಿಲ್‌ನಲ್ಲೇ ಬಾಗಿಲ ಹತ್ತಿರ ಇಟ್ಟಿರಿ.